ಕ್ವೆರಿ ಟೈಮ್‌ಔಟ್

ಡೇಟಾಬೇಸ್‌ಗೆ ಕೇಳಿದ ಪ್ರಶ್ನೆಗೆ ಉತ್ತರ ಬರುವವರೆಗೆ ಎಷ್ಟು ಹೊತ್ತು ಕಾಯಬೇಕು ಎಂಬ ಮಿತಿಯೇ ಕ್ವೆರಿ ಟೈಮ್‌ಔಟ್. ಗಡಿಯಾರ ಕೇಳುವವರ ಕೈಯಲ್ಲಿರಬೇಕೋ ಉತ್ತರಿಸುವವರ ಕೈಯಲ್ಲೋ ಎಂಬ ತಕರಾರಿನಿಂದಲೇ ಇದರ ಇತಿಹಾಸ ಬೆಳೆದಿದೆ.

ಮೊದಲು ಗಡಿಯಾರ ಕೇಳುವವರ ಬಳಿ ಇತ್ತು. 1992ರಲ್ಲಿ ಮೈಕ್ರೋಸಾಫ್ಟ್ ತಂದ ಒಡಿಬಿಸಿ, 1997ರ ಜಾವಾದ ಜೆಡಿಬಿಸಿ ಎಂಬ ಡೇಟಾಬೇಸ್ ಸಂಪರ್ಕದ ಇಂಟರ್‌ಫೇಸ್‌ಗಳೆರಡೂ ಮಿತಿಯನ್ನು ಸೆಕೆಂಡುಗಳಲ್ಲಿ ಕೇಳಿದವು. ಸೊನ್ನೆ ಕೊಟ್ಟರೆ ಮಿತಿಯೇ ಇಲ್ಲ. 2002ರ ಡಾಟ್‌ನೆಟ್ ತಾನಾಗಿಯೇ 30 ಸೆಕೆಂಡು ಇಟ್ಟಿತು. ಆದರೆ ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋದ ಕ್ವೆರಿ ಕಿಟಕಿಯಲ್ಲಿ ಮೂಲ ಸೆಟ್ಟಿಂಗ್ ಸೊನ್ನೆ. ಅಲ್ಲಿ ನಿರಾಳವಾಗಿ ಮುಗಿಯುವ ಕ್ವೆರಿ ಅಪ್ಲಿಕೇಶನ್‌ನಲ್ಲಿ ಅರ್ಧ ನಿಮಿಷಕ್ಕೆ ಬೀಳುತ್ತದೆ, 'ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿದೆಯಲ್ಲ' ಎಂಬ ಜಗಳ ಶುರುವಾಗುತ್ತದೆ.

ಕೇಳುವವರು ಕಾಯುವುದನ್ನು ಬಿಟ್ಟರೆ ಕೆಲಸ ನಿಂತಂತಲ್ಲ. ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್‌ನ ಓದುವ ಮಿತಿ ಮುಗಿದರೆ 2013 ಸಂಖ್ಯೆಯ ದೋಷ ಕಾಣುತ್ತದೆ. ಸಂಪರ್ಕ ಕಡಿದಿರುತ್ತದೆ, ಸರ್ವರ್ ಮಾತ್ರ ಆ ಕ್ವೆರಿಯನ್ನು ಇನ್ನೂ ಓಡಿಸುತ್ತಿರಬಹುದು. ಹಾಗಾಗಿ ಗಡಿಯಾರ ಸರ್ವರ್‌ಗೂ ಬಂತು. ಪೋಸ್ಟ್‌ಗ್ರೆಸ್ 2002ರ 7.3ರಲ್ಲಿ ಸ್ಟೇಟ್‌ಮೆಂಟ್ ಟೈಮ್‌ಔಟ್ ಕೊಟ್ಟಿತು. ಲಾಕ್‌ಗಾಗಿ ಕಾಯುವ ಮಿತಿ 2013ರಲ್ಲಿ, ಇಡೀ ವ್ಯವಹಾರದ ಮಿತಿ 2024ರಲ್ಲಿ ಬಂದವು. ಮೈಎಸ್‌ಕ್ಯೂಎಲ್ 5.7 ಸ್ಟೇಟ್‌ಮೆಂಟ್ ಮಿತಿಯನ್ನು ಓದುವ ಕ್ವೆರಿಗಳಿಗಷ್ಟೇ ಕೊಟ್ಟಿತು, ಅದೂ ಮಿಲಿಸೆಕೆಂಡಿನಲ್ಲಿ. ಅದರ ಒಡಹುಟ್ಟಾದ ಮರಿಯಾಡಿಬಿ ಸೆಕೆಂಡನ್ನು ಆರಿಸಿತು. ಒಂದೇ 30 ಒಂದು ಕಡೆ ಅರ್ಧ ನಿಮಿಷ, ಇನ್ನೊಂದು ಕಡೆ ಕಣ್ಣು ಮಿಟುಕಿಸುವಷ್ಟೂ ಅಲ್ಲ.

ಸರ್ವರೇ ಇಲ್ಲದಿದ್ದರೆ ಗಡಿಯಾರ ಯಾರ ಕೈಯಲ್ಲಿರುತ್ತದೆ? ಇದಕ್ಕೊಂದು ಉತ್ತರ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. ಅಲ್ಲಿನ ವ್ರೈ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಪೀಟರ್ ಬಾಂಜ್, ನಗರದ ಪೂರ್ವಕ್ಕಿರುವ ಸಿಡಬ್ಲ್ಯೂಐ ಗಣಿತ ಸಂಸ್ಥೆಯಲ್ಲೂ ಸಂಶೋಧಕರು. ಮೊನೆಟ್‌ಡಿಬಿ ಡೇಟಾಬೇಸ್ ಹುಟ್ಟಿದ್ದು ಆ ಸಂಸ್ಥೆಯಲ್ಲೇ. ದತ್ತಾಂಶವನ್ನು ತುಂಡುತುಂಡಾಗಿ ಸಂಸ್ಕರಿಸುವ ಅವರ ತಂಡದ ವಿಧಾನವನ್ನು 2019ರ ಡಕ್‌ಡಿಬಿ ಡೇಟಾಬೇಸ್ ಬಳಸಿಕೊಂಡಿತು. ಮಾರ್ಕ್ ರಾಸ್‌ವೆಲ್ಟ್, ಹಾನೆಸ್ ಮ್ಯೂಲೈಸೆನ್ ಕಟ್ಟಿದ ಡಕ್‌ಡಿಬಿಗೆ ಪ್ರತ್ಯೇಕ ಸರ್ವರೇ ಇಲ್ಲ, ಅದು ಅಪ್ಲಿಕೇಶನ್ ಒಳಗೇ ಓಡುತ್ತದೆ. ಕ್ವೆರಿ ನಿಲ್ಲಿಸಬೇಕಾದರೆ ಅದೇ ಪ್ರೋಗ್ರಾಮಿನ ಇನ್ನೊಂದು ಥ್ರೆಡ್‌ನಿಂದ 'ಇಂಟರಪ್ಟ್' ಎಂದು ಕರೆಯಬೇಕು. ಕೇಳುವವರೂ ಉತ್ತರಿಸುವವರೂ ಒಂದೇ ಸೂರಿನಡಿ ಇರುವುದರಿಂದ, ಕರೆದ ಕೂಗು ದಾರಿಯಲ್ಲಿ ಕಳೆದುಹೋಗುವುದಿಲ್ಲ.