‘ದೇ’ ಬರೆಯಿಂದ 890ರವರೆಗೆ

ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮ ರಾಗಿ ಹುರಿಹಿಟ್ಟು ಮಾಡುವುದರಲ್ಲಿ ಎತ್ತಿದ ಕೈ. ರಾಗಿ ನೆನೆಸಿ, ಅರಳು ಹುರಿದು, ಬೀಸಿ, ಜರಡಿ ಹಿಡಿದು, ಏಲಕ್ಕಿ ಹಾಕಿ ಡಬ್ಬಕ್ಕೆ ತುಂಬಿದರೆ ತಿಂಗಳುಗಟ್ಟಲೆ ಘಮ ಹೋಗುವುದಿಲ್ಲ. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಒಂದು ಬ್ಯಾರನ್ ಇದೆ. ವರ್ಷವರ್ಷವೂ ಸೌದೆ ಖರ್ಚು, ಕೂಲಿ ಖರ್ಚು ಏರುವುದು ನೋಡಿ ‘ಇದೊಂದನ್ನೇ ನಂಬ್ಕೊಂಡು ಎಷ್ಟು ದಿನ?’ ಅಂತ ಶುರುವಾಗಿದ್ದು ಹುರಿಹಿಟ್ಟಿನ ವ್ಯಾಪಾರ. ಊರವರು, ನೆಂಟರು, ಮೈಸೂರಿನ ಒಂದೆರಡು ಅಂಗಡಿ ಆಯ್ತು. ಆನ್‌ಲೈನಿನಲ್ಲಿ ಮಾರಿಕೊಡುವ ಜವಾಬ್ದಾರಿ ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡಿರೋ ನನ್ನ ತಲೆಗೆ ಬಂತು.

ಆಹಾರ ಇಲಾಖೆಯ ನೋಂದಣಿ ಆಯಿತು, ಜಿಎಸ್‌ಟಿ ಆಯಿತು, ಫೋಟೊ ಆಯಿತು. ಆಮೇಲೆ ಫಾರಂನಲ್ಲಿ ಒಂದು ಖಾನೆ ಬಂತು. ‘ಪ್ರಾಡಕ್ಟ್ ಐಡಿ’. ಅದನ್ನು ತುಂಬದೆ ಮುಂದಕ್ಕೆ ಬಿಡಲಿಲ್ಲ. ಹುಡುಕಿದೆ. ಬಿಸ್ಕತ್ತು ಪೊಟ್ಟಣದ ಹಿಂದೆ ಇರುತ್ತಲ್ಲ, ಕಪ್ಪು ಗೆರೆ, ಅದರ ಕೆಳಗೆ 13 ಅಂಕಿ. ಅದು ಬೇಕಂತೆ. ಒಂದು ವೆಬ್‌ಸೈಟಿನಲ್ಲಿ ಕೆಲವೇ ನೂರು ರೂಪಾಯಿಗೆ ಹತ್ತು ನಂಬರು ಸಿಕ್ಕವು. ಕೊಂಡೆ, ತುಂಬಿದೆ, ಫಾರಂ ಒಪ್ಪಿಕೊಂಡಿತು. ಎಷ್ಟು ಜಾಣ ನಾನು ಅಂದುಕೊಂಡೆ.

ಎರಡು ತಿಂಗಳು ಚೆನ್ನಾಗೇ ನಡೆಯಿತು. ಒಂದು ಬೆಳಿಗ್ಗೆ ನೋಡಿದರೆ ಹುರಿಹಿಟ್ಟೇ ಮಾಯ. ಕೊಟ್ಟ ನಂಬರು ನಿಮ್ಮ ಬ್ರ್ಯಾಂಡಿಗೆ ಸೇರಿದ್ದಲ್ಲ ಅಂತ ಎರಡು ಸಾಲಿನ ಮೇಲ್. ಆ ನಂಬರನ್ನು ಹುಡುಕಿ ನೋಡಿದರೆ ಯಾವುದೋ ವಿದೇಶಿ ಕಂಪನಿಯ ಹೆಸರು ಬಂತು. ಊರಲ್ಲಿ 60 ಡಬ್ಬ ತುಂಬಿ ಕೂತಿತ್ತು. ಫೋನು ಮಾಡಿ ಹೇಗೆ ಹೇಳುವುದು ಅಂತ ತಡವರಿಸುತ್ತಾ ವಿವರಿಸಿದೆ. ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡು ಅಂದರು: “ಅಲ್ಲ ಮಗ, ಇನ್ನೊಬ್ಬರ ಬ್ಯಾರನ್ ನಂಬರಲ್ಲಿ ಸೊಪ್ಪು ಹಾಕ್ದಂಗಾಯ್ತಲ್ಲ ಇದು! ನಿಂಗೆ ಅಷ್ಟೂ ಗೊತ್ತಾಗ್ಲಿಲ್ವಾ?”

ಗೊತ್ತಾಗಿರಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಯಾವ ರೈತರನ್ನು ಕೇಳಿದರೂ ಎರಡು ನಿಮಿಷದಲ್ಲಿ ಹೇಳಿಕೊಡುತ್ತಿದ್ದ ಪಾಠ ಅದು. ಸರಕಿನ ಮೇಲೆ ಗುರುತು, ಗುರುತಿನ ಹಿಂದೆ ಒಬ್ಬ ಒಡೆಯ, ಅದನ್ನು ಬರೆದಿಡುವ ಒಂದು ರಿಜಿಸ್ಟರ್. ಈ ವಿದ್ಯೆ ಈ ಸೀಮೆಗೆ ಮುನ್ನೂರು ವರ್ಷ ಹಳೆಯದು.

ಹುಣಸೂರಿನಿಂದಲೇ ಶುರು ಮಾಡೋಣ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳಿದ್ದು 1673ರಿಂದ 1704) ಅರಮನೆಯ ದನಗಳಿಗೆ ಒಂದು ಇಲಾಖೆಯನ್ನೇ ಮಾಡಿದರು. ಹಾಲು ಬೆಣ್ಣೆ ಅರಮನೆಗೆ, ಎತ್ತು ಸೈನ್ಯಕ್ಕೆ. ಹೆಸರು ‘ಬೆಣ್ಣೆ ಚಾವಡಿ’. ರಾಜ್ಯದ ತುಂಬ ಕಾವಲುಗಳಲ್ಲಿ ಮೇಯುವ ಸಾವಿರಾರು ದನಗಳಲ್ಲಿ ಯಾವುದು ಸರ್ಕಾರದ್ದು, ಯಾವುದು ರೈತನದು? ಅದಕ್ಕೆ ಅವರು ಕಂಡುಕೊಂಡ ದಾರಿ, ತಮ್ಮ ಹೆಸರಿನ ‘ದೇ’ ಅಕ್ಷರವನ್ನು ದನಕ್ಕೆ ಬರೆ ಹಾಕಿಸುವುದು. ನಮ್ಮ ಕಡೆಯ ಮೊದಲ ಲೋಗೊ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಪಾಪ, ದನವನ್ನು ಯಾರೂ ಕೇಳಲಿಲ್ಲ ಅನ್ನುವುದು ಬೇರೆ ಮಾತು.

ಟಿಪ್ಪು ಈ ಇಲಾಖೆಯ ಹೆಸರನ್ನು ‘ಅಮೃತ ಮಹಲ್’ ಅಂತ ಬದಲಿಸಿದ. ಫಿರಂಗಿ ಎಳೆಯುತ್ತಿದ್ದದ್ದು ಈ ಎತ್ತುಗಳೇ. ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಸೊರಗಿದವು. 1813ರಲ್ಲಿ ಬ್ರಿಟಿಷರು ಅವನ್ನು ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಯ ಕೈಗೆ ಕೊಟ್ಟರು. ಇಲಾಖೆಗೆ ಹುಣಸೂರು ಕೇಂದ್ರವಾಯಿತು. ಸೈನ್ಯಕ್ಕೆ ಬೇಕಾದ ಚರ್ಮ, ಕಂಬಳಿ, ಗಾಡಿ, ಮರದ ಕೆಲಸಗಳೂ ಇದೇ ಊರಲ್ಲಿ ಬೆಳೆದವು. 1860ರಲ್ಲಿ ಖರ್ಚು ಉಳಿಸುತ್ತೇವೆ ಅಂತ ಹಿಂಡನ್ನೇ ಮಾರಿಬಿಟ್ಟರು. ಸೈನ್ಯಕ್ಕೆ ಎತ್ತು ಸಿಗದೆ ಪರದಾಡಿ 1866ರಲ್ಲಿ ಮತ್ತೆ ಇಲಾಖೆ ತೆರೆದರು! ಸರ್ಕಾರಿ ಉಳಿತಾಯ ಅಂದರೆ ಆಗಲೂ ಹಾಗೇ ಇತ್ತು ಅನ್ನಿ.

‘ದೇ’ ಬರೆಯ ಮಿತಿ ಏನೆಂದರೆ ಅದು ಒಡೆಯ ಯಾರು ಅಂತ ಮಾತ್ರ ಹೇಳುತ್ತದೆ. ಈ ಹಸು ಯಾವುದು, ಆ ಹೋರಿ ಯಾವುದು ಅಂತ ಹೇಳುವುದಿಲ್ಲ. ಒಂದೊಂದಕ್ಕೂ ಒಂದೊಂದು ಗುರುತು ಕೊಡುವ ಪಾಠವನ್ನು ಈ ಸೀಮೆ ಕಲಿತದ್ದು ಹೊಗೆಸೊಪ್ಪಿನಿಂದ.

1975ರಲ್ಲಿ ಸಂಸತ್ತು ತಂಬಾಕು ಮಂಡಳಿ ಕಾಯ್ದೆ ಮಾಡಿತು. 1976ರ ಜನವರಿ 1ಕ್ಕೆ ಗುಂಟೂರಿನಲ್ಲಿ ಮಂಡಳಿ ಶುರುವಾಯಿತು. ಹರಾಜು ಕಟ್ಟೆಗಳು ಮೊದಲು ಬಂದದ್ದು ನಮ್ಮ ಕರ್ನಾಟಕದಲ್ಲಿ, 1984ರಲ್ಲಿ. ಆಂಧ್ರಕ್ಕೆ ಹೋದದ್ದು ಆಮೇಲೆ. ಅದಕ್ಕೂ ಮುಂಚೆ ಹೇಗಿತ್ತು ಅಂತ ನಮ್ಮ ಚಿಕ್ಕಪ್ಪನನ್ನು ಕೇಳಿದರೆ, “ಯಾಪಾರಿ ಬಂದು ಸೊಪ್ಪು ಮುಟ್ಟಿ ನೋಡಿ ಹೇಳಿದ್ದೇ ರೇಟು, ಅವನು ಬರೆದಿದ್ದೇ ತೂಕ” ಅನ್ನುತ್ತಾರೆ. ಹರಾಜು ಬಂದಮೇಲೆ ಪಿರಿಯಾಪಟ್ಟಣ, ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದ, ಎಚ್.ಡಿ. ಕೋಟೆಯ ಮಾರುಕಟ್ಟೆಗಳಲ್ಲಿ ಕಥೆ ಬದಲಾಯಿತು. ಬೆಳೆಗಾರನಿಗೆ ನೋಂದಣಿ ಸಂಖ್ಯೆ, ಬ್ಯಾರನ್‌ಗೆ ಲೈಸೆನ್ಸು, ಇಷ್ಟು ಕಿಲೋ ಬೆಳೆಯಬಹುದು ಅಂತ ಮಿತಿ. ಕಟ್ಟೆಗೆ ತಂದ ಪ್ರತಿ ಬೇಲಿಗೂ ತೂಕವಾಗಿ ಅದರದೇ ಚೀಟಿ. ಕೊಳ್ಳುವವರು ಸಾಲುಸಾಲಾಗಿ ನಡೆದು ಬೆಲೆ ಕಟ್ಟುವಾಗ ಅಲ್ಲಿ ರೈತನ ಮುಖ ನೋಡುವವರಿಲ್ಲ. ಚೀಟಿಯ ನಂಬರೇ ರೈತ. ದುಡ್ಡು ಬರುವುದೂ ಆ ನಂಬರಿನ ಜಾಡು ಹಿಡಿದೇ.

ಹಾಗಾಗಿಯೇ ಲೈಸೆನ್ಸು ಇಲ್ಲದವರು ಇದ್ದವರ ಹೆಸರಲ್ಲಿ ಸೊಪ್ಪು ಹಾಕುವ ಗುಟ್ಟಿನ ವ್ಯವಹಾರವೂ ಹುಟ್ಟಿಕೊಂಡಿತು. ಸಿಕ್ಕರೆ ದಂಡ, ತಕರಾರು. ದುಡ್ಡು ಲೈಸೆನ್ಸ್ ಇದ್ದವನ ಖಾತೆಗೆ ಹೋಗಿ ಅವನು ಕೊಡಲಿಲ್ಲ ಅಂದರೆ ಕೇಳುವ ದಿಕ್ಕೂ ಇಲ್ಲ. ಚಿಕ್ಕಮ್ಮ ಫೋನಿನಲ್ಲಿ ಅಂದದ್ದು ಇದನ್ನೇ.

ಈಗ ಸ್ವಲ್ಪ ಅಮೆರಿಕಕ್ಕೆ ಹೋಗಿ ಬರೋಣ. 1948ರಲ್ಲಿ ಫಿಲಡೆಲ್ಫಿಯಾದ ಒಂದು ಕಿರಾಣಿ ಸರಪಳಿಯ ಮುಖ್ಯಸ್ಥ ಡ್ರೆಕ್ಸೆಲ್ ಕಾಲೇಜಿಗೆ ಬಂದು, ಗಲ್ಲಾದ ಹತ್ತಿರ ಸಾಮಾನು ಲೆಕ್ಕ ಹಾಕುವುದು ತಾನಾಗೇ ಆಗುವ ಉಪಾಯ ಬೇಕು ಅಂತ ಡೀನ್ ಬಳಿ ಕೇಳಿಕೊಂಡ. ಡೀನ್ ಒಪ್ಪಲಿಲ್ಲ. ಪಕ್ಕದಲ್ಲಿ ಕೇಳಿಸಿಕೊಂಡ ಬರ್ನಾರ್ಡ್ ಸಿಲ್ವರ್ ಎಂಬ ವಿದ್ಯಾರ್ಥಿ ಅದನ್ನು ಗೆಳೆಯ ಜೋಸೆಫ್ ವುಡ್‌ಲ್ಯಾಂಡ್‌ಗೆ ಹೇಳಿದ. ಮಯಾಮಿಯ ಕಡಲ ದಂಡೆಯಲ್ಲಿ ಕೂತು ಯೋಚಿಸುತ್ತಿದ್ದ ವುಡ್‌ಲ್ಯಾಂಡ್ ಬೆರಳುಗಳನ್ನು ಮರಳಿಗಿಟ್ಟು ತನ್ನ ಕಡೆಗೆ ಎಳೆದ. ಗೆರೆ ಬಿತ್ತು. ಚಿಕ್ಕಂದಿನಲ್ಲಿ ಸ್ಕೌಟ್‌ನಲ್ಲಿ ಕಲಿತ ಮೋರ್ಸ್ ಸಂಕೇತದ ಚುಕ್ಕಿ, ಅಡ್ಡಗೆರೆಗಳನ್ನೇ ಕೆಳಕ್ಕೆ ಎಳೆದರೆ ದಪ್ಪ ಗೆರೆ, ಸಣ್ಣ ಗೆರೆ ಆಗುತ್ತದಲ್ಲ! ಇಬ್ಬರಿಗೂ 1952ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು 15,000 ಡಾಲರಿಗೆ ಮಾರಿದರು. ಸಿಲ್ವರ್ 1963ರಲ್ಲೇ ತೀರಿಹೋದ. ಓದುವ ಯಂತ್ರ ಅಗ್ಗವಾಗಿ ಅಂಗಡಿಗೆ ಬರುವ ಹೊತ್ತಿಗೆ ಪೇಟೆಂಟಿನ ಅವಧಿಯೂ ಮುಗಿದಿತ್ತು.

ಐಬಿಎಂನ ಜಾರ್ಜ್ ಲಾರರ್ ರೂಪಿಸಿದ ಗೆರೆಗಳನ್ನು ಕಿರಾಣಿ ಉದ್ಯಮದವರು 1973ರಲ್ಲಿ ಒಪ್ಪಿಕೊಂಡರು. 1974ರ ಜೂನ್ 26ರ ಬೆಳಿಗ್ಗೆ ಒಹಾಯೊದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ 67 ಸೆಂಟಿನ ಚ್ಯೂಯಿಂಗ್ ಗಮ್ ಪೊಟ್ಟಣ ಮೊದಲ ಸಲ ‘ಬೀಪ್’ ಅಂದಿತು. 1977ರಲ್ಲಿ ಯುರೋಪಿನ 12 ದೇಶಗಳು ಸೇರಿ ಅದನ್ನು 13 ಅಂಕಿಗೆ ಬೆಳೆಸಿದವು. ಭಾರತದಲ್ಲಿ ವಾಣಿಜ್ಯ ಸಚಿವಾಲಯ ಮತ್ತು ಉದ್ಯಮ ಸಂಘಗಳು ಸೇರಿ 1996ರಲ್ಲಿ ಇದಕ್ಕೊಂದು ಸಂಸ್ಥೆ ಮಾಡಿದವು. ಅದೇ ಇಂದಿನ ಜಿಎಸ್1 ಇಂಡಿಯಾ. ನಮಗೆ ಸಿಕ್ಕ ಮೊದಲಕ್ಷರ 890.

ಇಲ್ಲೊಂದು ತಪ್ಪು ತಿಳುವಳಿಕೆ ಇದೆ. 890 ಇದ್ದರೆ ಭಾರತದಲ್ಲಿ ತಯಾರಾದ ಮಾಲು, 690 ಇದ್ದರೆ ಚೀನಾ ಮಾಲು ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಬರುತ್ತಲೇ ಇರುತ್ತದೆ. ನಂಬರು ಕೊಟ್ಟ ಸಂಸ್ಥೆ ಯಾವ ದೇಶದ್ದು ಅಂತಷ್ಟೇ ಆ ಮೂರಂಕಿ ಹೇಳುವುದು. ಮಾಲು ಎಲ್ಲಿ ತಯಾರಾಯಿತು ಅಂತಲ್ಲ. ಬೆಲೆಯೂ ಅದರೊಳಗೆ ಇಲ್ಲ. ಬೆಲೆ ಅಂಗಡಿಯವರ ಕಂಪ್ಯೂಟರಿನಲ್ಲಿರುತ್ತದೆ. ಎಂಆರ್‌ಪಿ ಬದಲಾದರೆ ಹೊಸ ನಂಬರು ಬೇಡ. ಆದರೆ ತೂಕ ಬದಲಾದರೆ ಬೇಕು. 250 ಗ್ರಾಂ ಸಾದಾ, 500 ಗ್ರಾಂ ಸಾದಾ, ಬೆಲ್ಲ ಹಾಕಿದ್ದು ಎರಡು ಅಳತೆ, ಒಟ್ಟು ನಾಲ್ಕು ನಂಬರು. ಎರಡನ್ನು ಸೇರಿಸಿ ಕಾಂಬೊ ಮಾಡಿದರೆ ಐದನೆಯದು.

ಗಮನಿಸಿ, ಇದು ‘ದೇ’ ಬರೆಯಂತೆಯೂ ಅಲ್ಲ, ಬೇಲಿನ ಚೀಟಿಯಂತೆಯೂ ಅಲ್ಲ. ಸಾವಿರ ಡಬ್ಬ ಮಾಡಿದರೂ 250 ಗ್ರಾಂ ಸಾದಾ ಹುರಿಹಿಟ್ಟಿಗೆಲ್ಲ ಒಂದೇ ನಂಬರು. ಡಬ್ಬಕ್ಕೆ ಅಲ್ಲ, ಬಗೆಗೆ ಕೊಟ್ಟ ಹೆಸರು ಅದು. ಆನ್‌ಲೈನ್ ಗೋದಾಮಿಗೇ ಮಾಲು ಕಳಿಸಿ ಅಲ್ಲಿಂದ ಮಾರಿಸುವವರಿಗೆ ಮೇಲೆ ಇನ್ನೊಂದು ಸ್ಟಿಕ್ಕರ್ ಹಾಕಲು ಹೇಳುವುದೂ ಉಂಟು. ಒಂದೇ ಬಗೆಯ ಮಾಲನ್ನು ಹತ್ತು ಜನ ಕಳಿಸಿದಾಗ ಯಾರದ್ದು ಯಾವುದು ಅಂತ ತಿಳಿಯಬೇಕಲ್ಲ. ಅಲ್ಲಿಗೆ ‘ದೇ’ ಬರೆ ವಾಪಸ್ ಬಂತು.

ಹಾಗಾದರೆ ನನ್ನ ಅಗ್ಗದ ನಂಬರನ್ನು ಫಾರಂ ಮೊದಲು ಒಪ್ಪಿದ್ದು ಹೇಗೆ? ಕೊನೆಯ ಅಂಕಿಯ ಆಟ ಅದು. ಮಾದರಿಗಳಲ್ಲಿ ಕಾಣುವ 8901234567890 ತಗೊಳ್ಳಿ. ಮೊದಲ 12 ಅಂಕಿಗಳಲ್ಲಿ 1, 3, 5, 7, 9, 11ನೇ ಸ್ಥಾನದವನ್ನು ಕೂಡಿದರೆ 28. ಉಳಿದ ಆರನ್ನು ಕೂಡಿದರೆ 34, ಮೂರರಿಂದ ಗುಣಿಸಿದರೆ 102. ಒಟ್ಟು 130. ಮುಂದಿನ ಹತ್ತಕ್ಕೆ ತುಂಬಿಸಲು ಎಷ್ಟು ಬೇಕು? ಸೊನ್ನೆ. ಹಾಗಾಗಿ ಹದಿಮೂರನೆಯ ಅಂಕಿ ಸೊನ್ನೆ. ಬೆರಳು ತಪ್ಪಿ ಒಂದು ಅಂಕಿ ತಪ್ಪಾದರೆ ಈ ಲೆಕ್ಕ ಹಿಡಿದುಬಿಡುತ್ತದೆ. ನನ್ನ ನಂಬರಿನ ಲೆಕ್ಕ ಸರಿಯಿತ್ತು, ಒಡೆತನ ಸರಿಯಿರಲಿಲ್ಲ. ಲೆಕ್ಕವನ್ನು ಫಾರಂ ಆ ಕ್ಷಣದಲ್ಲೇ ನೋಡಿತು, ಒಡೆತನವನ್ನು ಆಮೇಲೆ ರಿಜಿಸ್ಟರಿನಲ್ಲಿ ನೋಡಿತು.

ಅಂಥ ನಂಬರುಗಳು ಮಾರಾಟಕ್ಕೆ ಬಂದದ್ದಕ್ಕೂ ಒಂದು ಚರಿತ್ರೆ ಇದೆ. ಅಮೆರಿಕದಲ್ಲಿ 2002ಕ್ಕೆ ಮುಂಚೆ ನಂಬರು ಪಡೆದ ಕಂಪನಿಗಳು ವರ್ಷವರ್ಷ ಶುಲ್ಕ ಕಟ್ಟಬೇಕಿರಲಿಲ್ಲ. ಶುಲ್ಕ ಹಾಕಲು ಹೋದಾಗ ಕಂಪನಿಗಳು ಕೋರ್ಟಿಗೆ ಹೋದವು, ಹಳಬರಿಗೆ ಶುಲ್ಕವಿಲ್ಲ ಅಂತ ರಾಜಿಯಾಯಿತು. ಆ ಹಳೆಯ ನಂಬರುಗಳನ್ನೇ ತುಂಡು ಮಾಡಿ ಚಿಲ್ಲರೆಯಲ್ಲಿ ಮಾರುವ ದಂಧೆ ಬೆಳೆಯಿತು. ಮಾರಿದವನದ್ದು ಮೋಸ ಅಂತ ಹೇಳಲಾರೆ, ಕೆಲವು ಕಡೆ ಆ ನಂಬರು ನಡೆದೂ ನಡೆಯುತ್ತದೆ. ಆದರೆ ರಿಜಿಸ್ಟರಿನಲ್ಲಿ ಹೆಸರು ಮಾತ್ರ ಮೊದಲಿನವನದೇ.

ಇನ್ನೊಂದು ವಿಷಯ. ಬಾರ್‌ಕೋಡ್ ಹಾಕಲೇಬೇಕು ಅಂತ ನಮ್ಮ ಪೊಟ್ಟಣದ ನಿಯಮಗಳು ಹೇಳುವುದಿಲ್ಲ. ಹೆಸರು, ವಿಳಾಸ, ತೂಕ, ಎಂಆರ್‌ಪಿ, ತಯಾರಾದ ದಿನಾಂಕ, ದೂರು ಹೇಳಲು ಫೋನು ನಂಬರು, ಇವು ಕಡ್ಡಾಯ. ಬಾರ್‌ಕೋಡ್ ಬೇಕಿದ್ದರೆ ಹಾಕಿಕೊಳ್ಳಿ. ಅದನ್ನು ಕಡ್ಡಾಯ ಮಾಡಿದ್ದು ದೊಡ್ಡ ಅಂಗಡಿಗಳು ಮತ್ತು ಆನ್‌ಲೈನ್ ಮಾರುಕಟ್ಟೆಗಳು. ಅಮೆಜಾನ್‌ನಲ್ಲಿ ನಂಬರಿಲ್ಲದ ಬ್ರ್ಯಾಂಡಿಗೆ ವಿನಾಯಿತಿ ಕೇಳುವ ದಾರಿಯೂ ಇದೆ. ಆಗ ಅವರೇ ತಮ್ಮ ಹತ್ತಕ್ಷರದ ಗುರುತು ಕೊಟ್ಟುಕೊಳ್ಳುತ್ತಾರೆ. ಆದರೆ ಆ ಗುರುತು ಆ ಅಂಗಳ ದಾಟಿದರೆ ನಡೆಯುವುದಿಲ್ಲ. ಮೈಸೂರಿನ ಸೂಪರ್ ಮಾರ್ಕೆಟ್ಟಿನ ಗಲ್ಲಾದಲ್ಲಿ ಅದನ್ನು ಕೇಳುವವರಿಲ್ಲ.

ನಾನು ವಿನಾಯಿತಿ ಸಾಕು ಅಂದೆ. ಚಿಕ್ಕಮ್ಮ ಬೇಡ ಅಂದರು. “ನಮ್ಮದು ಅಂತ ಒಂದು ನಂಬರು ಇರ್ಲಿ. ದುಡ್ಡು ಎಷ್ಟಾಯ್ತದೆ ಅದನ್ನ ಹೇಳು.” ವಹಿವಾಟಿನ ಗಾತ್ರ, ಎಷ್ಟು ನಂಬರು ಬೇಕು ಅನ್ನುವುದರ ಮೇಲೆ ಶುಲ್ಕ. ಕಾಲಕಾಲಕ್ಕೆ ನವೀಕರಣ. ಬ್ಯಾರನ್ ಲೈಸೆನ್ಸ್ ನವೀಕರಿಸಿ ಅಭ್ಯಾಸವಾದವರಿಗೆ ಅದೇನೂ ದೊಡ್ಡ ವಿಷಯ ಅನ್ನಿಸಲಿಲ್ಲ. 890ರಿಂದ ಶುರುವಾಗುವ ನಂಬರುಗಳು ಬಂದವು. ಜೊತೆಗೆ ಲೇಬಲ್ಲಿನ ಗಲಾಟೆ. ಡಬ್ಬದ ಮೇಲೆ ಎಲ್ಲ ಕುಂಕುಮ ಬಣ್ಣದಲ್ಲಿ ಇರಲಿ, ಲಕ್ಷಣವಾಗಿರುತ್ತದೆ ಅಂತ ಚಿಕ್ಕಮ್ಮನ ಆಸೆ. ಪ್ರೆಸ್‌ನವರು ಗೆರೆಗಳನ್ನೂ ಕೆಂಪಲ್ಲೇ ಅಚ್ಚು ಹಾಕಿದರು. ಸ್ಕ್ಯಾನರಿನ ಬೆಳಕೂ ಕೆಂಪು. ಕೆಂಪು ಬೆಳಕಿಗೆ ಕೆಂಪು ಗೆರೆ ಬಿಳಿ ಕಾಗದದಷ್ಟೇ ಬೆಳ್ಳಗೆ ಕಾಣುತ್ತದೆ, ಅಂದರೆ ಏನೂ ಕಾಣುವುದಿಲ್ಲ. ಇನ್ನೂರು ಲೇಬಲ್ಲು ದಂಡ. ಎರಡನೇ ಸಲ ಬಿಳಿಯ ಮೇಲೆ ಕಪ್ಪು, ಎರಡೂ ಪಕ್ಕ ಸ್ವಲ್ಪ ಖಾಲಿ ಜಾಗ ಬಿಟ್ಟು ಹಾಕಿಸಿದೆವು.

ಹಳೆಯ 60 ಡಬ್ಬಕ್ಕೆ ಹೊಸ ಸ್ಟಿಕ್ಕರ್ ಅಂಟಿಸಲು ಒಂದು ಭಾನುವಾರ ಊರಿಗೆ ಹೋಗಿದ್ದೆ. ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಕೂತು ಫೋನಿನಿಂದ ಒಂದೊಂದನ್ನೇ ಸ್ಕ್ಯಾನ್ ಮಾಡಿ ನೋಡುತ್ತಿದ್ದೆ. ಹಸುವಿನ ಕಿವಿಯಲ್ಲಿ ಪಶು ಇಲಾಖೆಯವರು ಚುಚ್ಚಿದ ಹಳದಿ ಓಲೆ ಇತ್ತು, 12 ಅಂಕಿ, ಮೇಲೆ ಅದೇ ಕಪ್ಪು ಗೆರೆ. ಚಿಕ್ಕಮ್ಮ ಅದನ್ನು ತೋರಿಸಿ, “ಇದುಕ್ಕೆ ಸರ್ಕಾರ್ದೋರು ಪುಗಸಟ್ಟೆ ಹಾಕ್ಕೊಟ್ಟು ಹೋದ್ರು ನೋಡು. ಹುರಿಹಿಟ್ಟಿಗೆ ಮಾತ್ರ ನಾವೇ ಕಟ್ಬೇಕಾಯ್ತು” ಅಂದು, ಮುಂದಿನ ಡಬ್ಬ ನನ್ನ ಕೈಗೆ ಕೊಟ್ಟರು.