ದಂತವೈದ್ಯಕೀಯ ರೆಸಿಡೆನ್ಸಿ ಪ್ರವೇಶ (ಅಮೆರಿಕ ಸಂಯುಕ್ತ ಸಂಸ್ಥಾನ)

ದಂತವೈದ್ಯಕೀಯ ರೆಸಿಡೆನ್ಸಿ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ದಂತವೈದ್ಯ ಪದವಿಯ ನಂತರ ಪಡೆಯುವ ಉನ್ನತ ತರಬೇತಿ. ಅಲ್ಲಿ ಡಿ.ಡಿ.ಎಸ್. ಅಥವಾ ಡಿ.ಎಂ.ಡಿ. ಪದವಿಯ ವ್ಯಾಸಂಗ ಸಾಮಾನ್ಯವಾಗಿ ನಾಲ್ಕು ವರ್ಷ. ರೆಸಿಡೆನ್ಸಿಯ ಅರ್ಜಿಗಳು ಮೂರನೆಯ ವರ್ಷ ಮುಗಿಯುವ ವೇಳೆಗೇ ಆರಂಭವಾಗುವುದರಿಂದ ಸಿದ್ಧತೆಗೆ ದೊರೆಯುವುದು ವಾಸ್ತವವಾಗಿ ಮೂರೇ ವರ್ಷ. ಕೊನೆಯ ವರ್ಷದಲ್ಲಿ ನಿರ್ಧರಿಸಿದವರು ಬಹುತೇಕ ತಡಮಾಡಿದಂತೆಯೇ.

ಆ ದೇಶದಲ್ಲಿ 12 ವಿಶೇಷ ಶಾಖೆಗಳಿಗೆ ಮಾನ್ಯತೆಯಿದೆ. ವಕ್ರದಂತ ಚಿಕಿತ್ಸೆ (ಆರ್ಥೊಡಾಂಟಿಕ್ಸ್), ಬೇರುನಾಳ ಚಿಕಿತ್ಸೆ, ವಸಡಿನ ಚಿಕಿತ್ಸೆ, ಮಕ್ಕಳ ದಂತವೈದ್ಯ, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಸೇರಿವೆ. ದವಡೆಯ ಶಸ್ತ್ರಚಿಕಿತ್ಸೆಯ ತರಬೇತಿ ನಾಲ್ಕು ವರ್ಷ. ವೈದ್ಯ ಪದವಿಯೂ ಸೇರಿದರೆ ಸಾಮಾನ್ಯವಾಗಿ ಆರು ವರ್ಷ.

ಪರೀಕ್ಷೆಗಳು

ರಾಷ್ಟ್ರೀಯ ಮಂಡಳಿ ಪರೀಕ್ಷೆಯ ಅಂಕಗಳು ಹಿಂದೆ ಆಯ್ಕೆಯ ಮುಖ್ಯ ಅಳತೆಗೋಲಾಗಿದ್ದವು. 2012ರಿಂದ ಅದರ ಫಲಿತಾಂಶವನ್ನು ಕೇವಲ ಉತ್ತೀರ್ಣ, ಅನುತ್ತೀರ್ಣ ಎಂದು ಪ್ರಕಟಿಸತೊಡಗಿದರು. 2020ರಲ್ಲಿ ಆರಂಭವಾದ ಸಮಗ್ರ ಪರೀಕ್ಷೆ ಐ.ಎನ್.ಬಿ.ಡಿ.ಇ. ಕೂಡ ಹಾಗೆಯೇ. ಈ ತೆರವನ್ನು ತುಂಬಲು 2016ರಲ್ಲಿ ಎ.ಡಿ.ಎ.ಟಿ. ಎಂಬ ಪರೀಕ್ಷೆ ಬಂದಿತು. ಅದರಲ್ಲಿ 200 ಪ್ರಶ್ನೆಗಳಿದ್ದು, ಅಂಕಗಳನ್ನು 200ರಿಂದ 800ರ ಶ್ರೇಣಿಯಲ್ಲಿ ಕೊಡಲಾಗುತ್ತದೆ. ಎಲ್ಲ ಕೇಂದ್ರಗಳೂ ಅದನ್ನು ಕೇಳುವುದಿಲ್ಲ. ದವಡೆಯ ಶಸ್ತ್ರಚಿಕಿತ್ಸೆಯನ್ನು ಬಯಸುವವರು ಸಿ.ಬಿ.ಎಸ್.ಇ. ಎಂಬ ವೈದ್ಯಕೀಯ ಮೂಲವಿಜ್ಞಾನಗಳ ಪರೀಕ್ಷೆ ಬರೆಯುತ್ತಾರೆ. ಭಾರತದ ಶಾಲಾ ಮಂಡಳಿಗೂ ಇದಕ್ಕೂ ಹೆಸರಿನ ಹೋಲಿಕೆ ಬಿಟ್ಟರೆ ಯಾವ ಸಂಬಂಧವೂ ಇಲ್ಲ.

ತರಗತಿಯ ಸ್ಥಾನ ಮತ್ತು ಶಿಫಾರಸು

ಅಂಕಗಳು ಮರೆಯಾದಾಗ ತರಗತಿಯಲ್ಲಿ ವಿದ್ಯಾರ್ಥಿ ಗಳಿಸಿದ ಸ್ಥಾನದ ತೂಕ ಹೆಚ್ಚಿತು. ಮೊದಲ ವರ್ಷದ ಅಂಗರಚನಾಶಾಸ್ತ್ರ, ಜೀವರಸಾಯನಶಾಸ್ತ್ರಗಳ ಅಂಕಗಳೂ ಇದರಲ್ಲಿ ಎಣಿಕೆಗೆ ಬರುತ್ತವೆ. ಆಗ ಕುಸಿದ ಸ್ಥಾನವನ್ನು ಮುಂದೆ ಎತ್ತುವುದು ಕಷ್ಟ. ಹಾರ್ವರ್ಡ್ ದಂತವೈದ್ಯ ಶಾಲೆಯಂಥ ಕೆಲವೆಡೆ ಉತ್ತೀರ್ಣ, ಅನುತ್ತೀರ್ಣ ಪದ್ಧತಿಯಿರುವುದರಿಂದ ಸಂಶೋಧನೆಗೂ ಅಧ್ಯಾಪಕರ ಪತ್ರಗಳಿಗೂ ಪ್ರಾಶಸ್ತ್ಯ ಹೆಚ್ಚು. ವಿದ್ಯಾರ್ಥಿಯ ಕೈಕೆಲಸವನ್ನು ಕಣ್ಣಾರೆ ಕಂಡ ಅಧ್ಯಾಪಕರ ಪತ್ರಕ್ಕೆ, ಹೆಸರುವಾಸಿಯಾದರೂ ಪರಿಚಯವಿಲ್ಲದವರ ಪತ್ರಕ್ಕಿಂತ ಬೆಲೆ ಜಾಸ್ತಿ. ಶಸ್ತ್ರಚಿಕಿತ್ಸೆಯ ಅಭ್ಯರ್ಥಿಗಳು ಬೇರೆ ಆಸ್ಪತ್ರೆಗಳಿಗೆ ಹೋಗಿ ಒಂದೆರಡು ವಾರ ಕೆಲಸ ನೋಡಿ ಬರುವುದು ರೂಢಿ. ಆ ದಿನಗಳಲ್ಲಿ ಅಲ್ಲಿನ ವೈದ್ಯರೂ ಅವರನ್ನು ಅಳೆಯುತ್ತಿರುತ್ತಾರೆ.

ಅರ್ಜಿ ಮತ್ತು ಹೊಂದಾಣಿಕೆ

ಬಹುತೇಕ ಅರ್ಜಿಗಳು 'ಪಾಸ್' ಎಂಬ ಕೇಂದ್ರೀಯ ಸೇವೆಯ ಮೂಲಕ ಹೋಗುತ್ತವೆ. ಸಂದರ್ಶನಗಳಾದ ಮೇಲೆ ಅಭ್ಯರ್ಥಿಗಳೂ ಕೇಂದ್ರಗಳೂ ತಮ್ಮ ಆದ್ಯತೆಯ ಪಟ್ಟಿಗಳನ್ನು ಪ್ರತ್ಯೇಕವಾಗಿ ಸಲ್ಲಿಸುತ್ತಾರೆ. ಗಣಕಯಂತ್ರ ಎರಡನ್ನೂ ಹೊಂದಿಸುತ್ತದೆ. ಇದಕ್ಕೆ 'ಮ್ಯಾಚ್' ಎಂದು ಹೆಸರು. ತನಗೆ ಎಲ್ಲಿ ಸಿಗಬಹುದೆಂದು ಊಹಿಸಿ ಪಟ್ಟಿ ಮಾಡುವುದರಿಂದ ಅಭ್ಯರ್ಥಿಗೆ ನಷ್ಟವೇ ಹೊರತು ಲಾಭವಿಲ್ಲ. ನಿಜವಾಗಿ ಬಯಸಿದ ಕ್ರಮದಲ್ಲಿಯೇ ಬರೆಯಬೇಕು. ಫಲಿತಾಂಶ ಎರಡೂ ಕಡೆಯವರನ್ನು ಬಂಧಿಸುತ್ತದೆ. ಆದ್ದರಿಂದ ಹೋಗಲು ಮನಸ್ಸಿಲ್ಲದ ಕೇಂದ್ರವನ್ನು ಪಟ್ಟಿಗೆ ಸೇರಿಸಬಾರದು. ಸ್ಥಾನ ದೊರೆಯದವರಲ್ಲಿ ಹಲವರು ಒಂದು ವರ್ಷದ ಸಾಮಾನ್ಯ ದಂತವೈದ್ಯ ರೆಸಿಡೆನ್ಸಿ ಮುಗಿಸಿ ಮತ್ತೆ ಅರ್ಜಿ ಹಾಕುತ್ತಾರೆ.

ವೆಚ್ಚ

ಆಸ್ಪತ್ರೆಗಳಲ್ಲಿ ನಡೆಯುವ ತರಬೇತಿಗೆ ಸಾಮಾನ್ಯವಾಗಿ ವೇತನವಿದೆ. ಆರ್ಥೊಡಾಂಟಿಕ್ಸ್‌ನ ಹಲವು ಕೇಂದ್ರಗಳು ಮಾತ್ರ ವಿದ್ಯಾರ್ಥಿಯಿಂದಲೇ ಶುಲ್ಕ ಪಡೆಯುತ್ತವೆ. ಪದವಿಯ ಸಾಲದ ಮೇಲೆ ಇದೂ ಸೇರುವುದರಿಂದ ಶಾಖೆಯ ಆಯ್ಕೆ ಅಭಿರುಚಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ.

ಭಾರತೀಯ ಪದವೀಧರರು

ಭಾರತದಲ್ಲಿ ಬಿ.ಡಿ.ಎಸ್. ನಂತರದ ಎಂ.ಡಿ.ಎಸ್. ಪ್ರವೇಶ ಮುಖ್ಯವಾಗಿ ನೀಟ್ ಎಂಬ ಒಂದೇ ಪರೀಕ್ಷೆಯ ಶ್ರೇಯಾಂಕವನ್ನು ಅವಲಂಬಿಸಿದೆ. ಆ ಪದ್ಧತಿಗೆ ಒಗ್ಗಿದ ಕರ್ನಾಟಕದ ಬಿ.ಡಿ.ಎಸ್. ಪದವೀಧರರಿಗೆ ಅಮೆರಿಕದ ಕ್ರಮ ಹೊಸತು. ಅಲ್ಲಿನ ಕೆಲವು ರೆಸಿಡೆನ್ಸಿಗಳು ವಿದೇಶಿ ಪದವಿಯನ್ನು ಒಪ್ಪುತ್ತವೆ. ಆದರೆ ವೃತ್ತಿ ಪರವಾನಗಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೆಚ್ಚಿನ ರಾಜ್ಯಗಳು ಮಾನ್ಯತೆ ಪಡೆದ ಸ್ಥಳೀಯ ಪದವಿಯನ್ನು ಬಯಸುವುದರಿಂದ, ಅನೇಕರು ಮೊದಲು ಎರಡರಿಂದ ಮೂರು ವರ್ಷದ ಸೇತು ಶಿಕ್ಷಣಕ್ಕೆ ಸೇರಿ ಡಿ.ಡಿ.ಎಸ್. ಅಥವಾ ಡಿ.ಎಂ.ಡಿ. ಪಡೆಯುತ್ತಾರೆ.