ಸಾಹಿತ್ಯೋತ್ಸವದ ಲೇಖಕ ಸಂವಾದ

ಬರಹಗಾರರು ತಮ್ಮ ಪುಸ್ತಕದ ಬಗ್ಗೆ ಸಭಿಕರೆದುರು ಮಾತಾಡಿ, ಅವರ ಪ್ರಶ್ನೆಗಳಿಗೆ ಉತ್ತರಿಸುವ ಗೋಷ್ಠಿ. ಪಕ್ಕದಲ್ಲೊಬ್ಬರು ಕುಳಿತು ಮಾತು ಹೊರಡಿಸುವುದರಿಂದ ಇದು ಉಪನ್ಯಾಸಕ್ಕಿಂತ ಭಿನ್ನ. ಆ ಸಂವಾದಕರು ಪುಸ್ತಕ ಓದಿ ಬಂದಿದ್ದಾರೆಯೇ ಎಂಬುದು ಮೊದಲ ಪ್ರಶ್ನೆಯಲ್ಲೇ ತಿಳಿದುಬಿಡುತ್ತದೆ.

ಲೇಖಕನನ್ನು ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆಂದು ತೋರಿಸಿಕೊಟ್ಟವರಲ್ಲಿ ಚಾರ್ಲ್ಸ್ ಡಿಕನ್ಸ್ ಪ್ರಮುಖ. 1858ರಿಂದ 1870ರವರೆಗೆ ಆತ ಬ್ರಿಟನ್ ಮತ್ತು ಅಮೆರಿಕದ ಊರೂರು ಸುತ್ತಿ ತನ್ನ ಕೃತಿಗಳನ್ನು ಓದಿದ. ಅದು ವಾಚನ, ಬಹುಮಟ್ಟಿಗೆ ಅಭಿನಯ; ಸಂವಾದವಲ್ಲ. ಇಂದಿನ ಸಾಹಿತ್ಯೋತ್ಸವಗಳ ಸಾಲಿನಲ್ಲಿ ಹಳೆಯದು 1949ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಶುರುವಾದದ್ದು.

ಸಂವಾದಕ್ಕೆ ಕಾವು ಬಂದದ್ದು 1962ರ ಆಗಸ್ಟಿನಲ್ಲಿ, ಎಡಿನ್‌ಬರೋದಲ್ಲಿ. ಪ್ರಕಾಶಕ ಜಾನ್ ಕಾಲ್ಡರ್ ಮತ್ತು ಸಂಗಡಿಗರು ಏರ್ಪಡಿಸಿದ ಐದು ದಿನಗಳ ಅಂತರರಾಷ್ಟ್ರೀಯ ಲೇಖಕರ ಸಮಾವೇಶಕ್ಕೆ ಜನ ಟಿಕೆಟ್ ಕೊಂಡು ಬಂದರು. ಹೆನ್ರಿ ಮಿಲ್ಲರ್, ನಾರ್ಮನ್ ಮೇಲರ್, ಮೇರಿ ಮೆಕಾರ್ಥಿ ಬಂದಿದ್ದರು. ಭಾರತದಿಂದ ಖುಷ್ವಂತ್ ಸಿಂಗ್ ಇದ್ದರು. ಎರಡನೆಯ ದಿನ ಸ್ಕಾಟಿಷ್ ಸಾಹಿತ್ಯದ ಚರ್ಚೆ ಜಗಳಕ್ಕೆ ತಿರುಗಿತು. ನೆಲದ ನುಡಿಯ ಪರ ನಿಂತ ಹಿರಿಯ ಕವಿ ಹ್ಯೂ ಮೆಕ್‌ಡೈರ್ಮಿಡ್ ಒಂದು ಕಡೆ. ಇದೆಲ್ಲ ಹಳಸಲು ಸಂಕುಚಿತತನ ಎಂದ ಕಾದಂಬರಿಕಾರ ಅಲೆಕ್ಸಾಂಡರ್ ಟ್ರೋಕಿ ಇನ್ನೊಂದು ಕಡೆ. ಕನ್ನಡದ ಸಭೆಗಳನ್ನು ಬಲ್ಲವರಿಗೆ ಈ ಜಗಳ ಹೊಸದಲ್ಲ. ಇನ್ನೂ ಅಮೆರಿಕದಲ್ಲಿ ಪ್ರಕಟವಾಗದಿದ್ದ ‘ನೇಕೆಡ್ ಲಂಚ್’ ಕಾದಂಬರಿಯ ಕರ್ತೃ ವಿಲಿಯಂ ಬರೋಸ್‌ನನ್ನು ಮೆಕಾರ್ಥಿ, ಮೇಲರ್ ವೇದಿಕೆಯಿಂದಲೇ ಹೊಗಳಿದರು. ಆತನ ಖ್ಯಾತಿ ಹಬ್ಬಿದ್ದು ಅಲ್ಲಿಂದ.

ಹಳೆ ಪುಸ್ತಕದಂಗಡಿಗಳ ಊರಾದ ವೇಲ್ಸ್‌ನ ಹೇ-ಆನ್-ವೈನಲ್ಲಿ 1988ರಲ್ಲಿ ಆರಂಭವಾದ ಉತ್ಸವ ಮುಂದೆ ಹೊರದೇಶಗಳಿಗೂ ಹರಡಿತು. ಉತ್ಸವಗಳು ಬೆಳೆದಂತೆ ಸಂಭಾವನೆಯ ಪ್ರಶ್ನೆಯೂ ಎದ್ದಿತು: ಮಾತಾಡುವ ಲೇಖಕರಿಗೆ ಹಣ ಕೊಡುವುದಿಲ್ಲವೆಂಬ ಕಾರಣಕ್ಕೆ ಕಾದಂಬರಿಕಾರ ಫಿಲಿಪ್ ಪುಲ್ಮನ್ 2016ರಲ್ಲಿ ಆಕ್ಸ್‌ಫರ್ಡ್ ಉತ್ಸವದ ಪೋಷಕ ಸ್ಥಾನ ತೊರೆದರು.

ಭಾರತದಲ್ಲಿ ಈ ಮಾದರಿ ಬೇರೂರಿದ್ದು 2006ರಲ್ಲಿ ಆರಂಭವಾದ ಜೈಪುರ ಉತ್ಸವದಿಂದ. ನಮಿತಾ ಗೋಖಲೆ, ವಿಲಿಯಂ ಡಾಲ್‌ರಿಂಪಲ್ ಅದರ ನಿರ್ದೇಶಕರು. 2012ರಲ್ಲಿ ಬೆದರಿಕೆಗಳಿಂದಾಗಿ ಸಲ್ಮಾನ್ ರಶ್ದಿ ಅಲ್ಲಿಗೆ ಬರಲಾಗಲಿಲ್ಲ; ವಿಡಿಯೊ ಮೂಲಕ ಮಾತಾಡಿಸುವ ಏರ್ಪಾಡೂ ಕೊನೆ ಗಳಿಗೆಯಲ್ಲಿ ರದ್ದಾಯಿತು.

ಕನ್ನಡಕ್ಕೆ ಸಾಹಿತ್ಯದ ಜಾತ್ರೆ ಹೊಸತಲ್ಲ. ಸಾಹಿತ್ಯ ಸಮ್ಮೇಳನ 1915ರಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಆದರೆ ಅಲ್ಲಿ ಕೇಂದ್ರ ಅಧ್ಯಕ್ಷ ಭಾಷಣ; ಒಂದು ಪುಸ್ತಕವನ್ನು ಹಿಡಿದು ಅದರ ಲೇಖಕರನ್ನು ಕೆದಕಿ ಕೇಳುವ ಬಿಡುವು ಕಡಿಮೆ. 2013ರಲ್ಲಿ ವಿಮರ್ಶಕ ಗಿರಡ್ಡಿ ಗೋವಿಂದರಾಜರ ಮುಂದಾಳತ್ವದಲ್ಲಿ ಆರಂಭವಾದ ಧಾರವಾಡ ಸಾಹಿತ್ಯ ಸಂಭ್ರಮ ಮೆರವಣಿಗೆ, ನಿರ್ಣಯಗಳನ್ನು ಬಿಟ್ಟು ಗೋಷ್ಠಿ, ಸಂವಾದಗಳನ್ನೇ ಮುಖ್ಯವಾಗಿಸಿಕೊಂಡಿತು. ಅದಕ್ಕೂ ಮೊದಲು, 2012ರಲ್ಲಿ, ಬೆಂಗಳೂರು ಸಾಹಿತ್ಯ ಉತ್ಸವ ಶುರುವಾಗಿತ್ತು. ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹತ್ಯೆಯಾದ 2015ರಲ್ಲಿ, ಅದನ್ನು ಖಂಡಿಸಿ ಲೇಖಕರು ನಡೆಸಿದ ಪ್ರಶಸ್ತಿ ವಾಪಸಾತಿಯ ಕುರಿತು ಉತ್ಸವದ ಸ್ಥಾಪಕರಲ್ಲೊಬ್ಬರಾದ ವಿಕ್ರಂ ಸಂಪತ್ ತಳೆದ ವಿರೋಧದ ನಿಲುವನ್ನು ಒಪ್ಪದೆ ಕೆಲವು ಕನ್ನಡ ಲೇಖಕರು ಉತ್ಸವದಿಂದ ಹಿಂದೆ ಸರಿದರು. ಸಂಪತ್ ನಿರ್ದೇಶಕ ಸ್ಥಾನ ಬಿಟ್ಟರು. ಉತ್ಸವ ಡಿಸೆಂಬರಿನಲ್ಲಿ ನಡೆಯಿತು.